ಮಂಕಾದ ಹೆಡ್‌ಲೈಟ್, ಗೀರು ಬಿದ್ದ ಪ್ಲಾಸ್ಟಿಕ್: ಮನೆಯಲ್ಲೇ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಹತ್ತು ವರ್ಷ ದಾಟಿದ ಎಷ್ಟೋ ಕಾರುಗಳಲ್ಲಿ ಪೇಂಟ್ ಇನ್ನೂ ಚೆನ್ನಾಗಿರುತ್ತದೆ, ಎಂಜಿನ್ ಸದ್ದಿಲ್ಲದೆ ಓಡುತ್ತದೆ, ಹೆಡ್‌ಲೈಟ್ ಮಾತ್ರ ಹಳದಿಗಟ್ಟಿ ಮಂಕಾಗಿರುತ್ತದೆ. ಊರೊಳಗೆ ಬೀದಿ ದೀಪದ ಬೆಳಕಿನಲ್ಲಿ ಓಡಾಡುವವರೆಗೂ ಇದು ದೊಡ್ಡ ವಿಷಯ ಅನಿಸುವುದಿಲ್ಲ. ಮಳೆಗಾಲದ ರಾತ್ರಿ ಚಾರ್ಮಾಡಿಯೋ ಶಿರಾಡಿಯೋ ಇಳಿಯುವಾಗ ಗೊತ್ತಾಗುತ್ತದೆ. ಡಿಪ್‌ನಲ್ಲಿ ರಸ್ತೆಯ ಅಂಚು ಕಾಣುವುದಿಲ್ಲ. ಹೈ ಬೀಮ್ ಹಾಕಿದರೆ ಎದುರಿನವರ ಕಣ್ಣು ಕುಕ್ಕುತ್ತದೆ.

2018ರಲ್ಲಿ ಅಮೆರಿಕದ ವಾಹನ ಚಾಲಕರ ಸಂಘ ಎಎಎ ಹಳೇ ಹೆಡ್‌ಲೈಟ್‌ಗಳ ಬೆಳಕನ್ನು ಅಳತೆ ಮಾಡಿ ನೋಡಿತ್ತು. ಮಂಕಾದ ಲೈಟ್ ಡಿಪ್‌ನಲ್ಲಿ ಕೊಡುತ್ತಿದ್ದದ್ದು ಹೊಸದರ ಸುಮಾರು ಶೇ. 20ರಷ್ಟು ಬೆಳಕು ಮಾತ್ರ. ಉಜ್ಜಿ ಪಾಲಿಶ್ ಮಾಡಿದ ಮೇಲೆ ಅದು ಸುಮಾರು ಶೇ. 70ಕ್ಕೆ ಏರಿತು. ಅಂದರೆ ಮನೆಯಲ್ಲಿ ಮಾಡುವ ಕೆಲಸಕ್ಕೆ ನಿಜವಾಗಿ ಬೆಲೆ ಇದೆ. ಹಾಗಂತ ಹೊಚ್ಚ ಹೊಸ ಲೈಟ್ ಆಗಿಬಿಡುತ್ತದೆ ಅಂತ ಕಾಯಬೇಡಿ.

ಬಹಳ ಜನ ಮೊದಲು ಬಲ್ಬ್ ಮೇಲೆ ಕೈ ಇಡುತ್ತಾರೆ. ಕಂಪನಿಯ 60/55 ವ್ಯಾಟ್ (ಹೈ ಬೀಮ್‌ಗೆ 60, ಡಿಪ್‌ಗೆ 55) ಬಲ್ಬ್ ತೆಗೆದು 100/90 ಹಾಕಿಸುತ್ತಾರೆ. ಇದರಿಂದ ಹೋಲ್ಡರ್ ಸುಡುತ್ತದೆ, ವೈರಿಂಗ್ ಬಿಸಿಯಾಗುತ್ತದೆ, ಬೆಳಕನ್ನು ಮುಂದಕ್ಕೆ ತಿರುಗಿಸುವ ಒಳಗಿನ ಕನ್ನಡಿ ಅಂದರೆ ರಿಫ್ಲೆಕ್ಟರ್ ಹಾಳಾಗುತ್ತದೆ. ರಸ್ತೆ ಮಾತ್ರ ಮೊದಲಿನಷ್ಟೇ ಕತ್ತಲು. ಮಂಕಾದ ಪ್ಲಾಸ್ಟಿಕ್ ಬೆಳಕನ್ನು ಮುಂದೆ ಬಿಡದೆ ಸುತ್ತಲೂ ಚೆಲ್ಲುತ್ತದೆ. ಬೆಳಕು ಜಾಸ್ತಿಯಾದಷ್ಟೂ ಚೆಲ್ಲುವುದೂ ಜಾಸ್ತಿ.

ಯಾಕೆ ಮಂಕಾಗುತ್ತದೆ

ಹಳೇ ಅಂಬಾಸಿಡರ್, ಪದ್ಮಿನಿ ಕಾರುಗಳ ಹೆಡ್‌ಲೈಟ್ ಗಾಜಿನದು. ಅದಕ್ಕೆ ಎಷ್ಟು ಬಿಸಿಲು ಬಿದ್ದರೂ ಹಳದಿ ಬರುವುದಿಲ್ಲ. ಈಗಿನವು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಕಲ್ಲು ಬಡಿದರೆ ಗಾಜಿನ ಹಾಗೆ ಒಡೆಯುವುದಿಲ್ಲ, ಹಗುರ, ಯಾವ ಆಕಾರಕ್ಕೆ ಬೇಕಾದರೂ ಎರಕ ಹೊಯ್ಯಬಹುದು. ಆದರೆ ಬಿಸಿಲಿನ ನೇರಳಾತೀತ ಕಿರಣ ಅಂದರೆ ಯುವಿ ಅದಕ್ಕೆ ಆಗಿಬರುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲೇ ಮೇಲೆ ಒಂದು ತೆಳ್ಳನೆಯ ಗಟ್ಟಿ ಕೋಟಿಂಗ್ ಕೊಟ್ಟಿರುತ್ತಾರೆ.

ಆ ಕೋಟಿಂಗ್ ಇರುವವರೆಗೆ ತೊಂದರೆಯಿಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು, ಧೂಳು ಉಜ್ಜಿ, ಅದು ಸವೆದು ಬಿರುಕು ಬಿಡುತ್ತದೆ. ಹೆಡ್‌ಲೈಟ್‌ನ ಮೇಲ್ಭಾಗ ಮೊದಲು ಹಳದಿಯಾಗುವುದನ್ನು ನೀವು ನೋಡಿರಬಹುದು. ಬಿಸಿಲು ನೇರವಾಗಿ ಬೀಳುವುದು ಅಲ್ಲಿಗೇ ಅಲ್ವಾ? ಕಲಬುರಗಿ, ರಾಯಚೂರು ಕಡೆ ಬಯಲಲ್ಲಿ ನಿಲ್ಲುವ ಗಾಡಿಗೆ ಇದು ಬೇಗ ಬರುತ್ತದೆ. ಶೆಡ್ಡಿನಲ್ಲಿ ನಿಂತ ಗಾಡಿಗೆ ತಡವಾಗಿ.

ಈ ಕೆಲಸದಲ್ಲಿ ಮರೆಯಬಾರದ ಸಂಗತಿ ಒಂದೇ. ಉಜ್ಜುವುದು ಅಂದರೆ ಹಾಳಾದ ಕೋಟಿಂಗನ್ನು ಪೂರ್ತಿ ಕಿತ್ತು ಬರೀ ಪ್ಲಾಸ್ಟಿಕ್ ಹೊರಗೆ ತರುವುದು. ಹಾಗೆ ಬರಿಮೈಯಲ್ಲಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ, ಸಲ ಸಲಕ್ಕೂ ಮೊದಲಿಗಿಂತ ಬೇಗ. ಹೊಳಪು ತರುವುದು ಅರ್ಧ ಕೆಲಸ. ಅದರ ಮೇಲೆ ಹೊಸ ಕೋಟಿಂಗ್ ಕೂರಿಸುವುದು ಇನ್ನರ್ಧ.

ಮೊದಲು ಒಂದು ಮಗ್ ನೀರು

ಏನನ್ನೂ ಕೊಳ್ಳುವ ಮುಂಚೆ ಈ ಪರೀಕ್ಷೆ ಮಾಡಿ. ಹೆಡ್‌ಲೈಟನ್ನು ಚೆನ್ನಾಗಿ ತೊಳೆದು ಒಣಗಿಸಿ. ಆಮೇಲೆ ಅದರ ಮೇಲೆ ನಿಧಾನವಾಗಿ ನೀರು ಸುರಿಯುತ್ತಾ ಒಳಗೆ ನೋಡಿ. ನೀರು ಇರುವಷ್ಟು ಹೊತ್ತು ತಿಳಿಯಾಗಿ ಕಂಡು, ಒಣಗಿದ ಮೇಲೆ ಮತ್ತೆ ಮಂಕಾದರೆ, ತೊಂದರೆ ಹೊರಗಿನ ಮೇಲ್ಮೈಯಲ್ಲಿದೆ. ಸಣ್ಣ ಸಣ್ಣ ಗೀರು, ಬಿರುಕುಗಳನ್ನು ನೀರು ತುಂಬಿದ್ದರಿಂದ ತಿಳಿಯಾಗಿ ಕಾಣಿಸಿತು. ಇಂಥದ್ದು ಖಂಡಿತ ಸರಿಹೋಗುತ್ತದೆ.

ನೀರು ಹಾಕಿದರೂ ಒಂದಿಷ್ಟೂ ಬದಲಾಗಲಿಲ್ಲ ಅಂದರೆ ಹುಷಾರು. ಹಳದಿ ತುಂಬಾ ಆಳಕ್ಕೆ ಇಳಿದಿರಬಹುದು, ಒಳಮೈಯಲ್ಲಿ ಧೂಳೋ ತೇವವೋ ಕೂತಿರಬಹುದು, ಅಥವಾ ರಿಫ್ಲೆಕ್ಟರ್‌ನ ಬೆಳ್ಳಿ ಬಣ್ಣವೇ ಸುಟ್ಟು ಹೋಗಿರಬಹುದು. ಒಳಗಿನ ದೋಷಕ್ಕೆ ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಗಾಡಿ ತೊಳೆದ ಮೇಲೆ ಒಳಗೆ ಸ್ವಲ್ಪ ಆವಿ ಕಟ್ಟಿ, ಲೈಟ್ ಉರಿಸಿದಾಗ ಹೋದರೆ ಚಿಂತೆ ಬೇಡ. ಗಾಳಿಯಾಡಲು ಹೆಡ್‌ಲೈಟ್‌ಗೆ ಸಣ್ಣ ತೂತುಗಳಿರುತ್ತವೆ. ಹನಿ ಹನಿಯಾಗಿ ನೀರು ನಿಂತರೆ ಮಾತ್ರ ಸೀಲ್ ಬಿಟ್ಟಿದೆ ಅಂತ ಅರ್ಥ. ಅದನ್ನು ಮೊದಲು ಮೆಕ್ಯಾನಿಕ್‌ಗೆ ತೋರಿಸಿ.

ಬೇಕಾಗುವ ಸಾಮಾನು

ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ. ನೀರಿನಲ್ಲಿ ನೆನೆಸಿ ಉಜ್ಜುವ ಕಪ್ಪು ಹಾಳೆ ಅದು. ಮರ ಉಜ್ಜುವ ಸಾದಾ ಉಪ್ಪು ಕಾಗದ ಬೇಡ, ನೀರಿಗೆ ಹಾಕಿದರೆ ಅದು ಕಿತ್ತು ಬರುತ್ತದೆ. 800, 1000, 1500, 2000, 3000 ನಂಬರಿನದು ಒಂದೊಂದು ಹಾಳೆ ಸಾಕು. ನಂಬರ್ ದೊಡ್ಡದಾದಷ್ಟೂ ಹಾಳೆ ನುಣುಪು. 3000 ಎಲ್ಲ ಕಡೆ ಸಿಗುವುದಿಲ್ಲ. ಬೆಂಗಳೂರಿನವರು ಜೆ.ಸಿ. ರಸ್ತೆಯ ಆಟೋಮೊಬೈಲ್ ಅಂಗಡಿಗಳಲ್ಲಿ ವಿಚಾರಿಸಬಹುದು, ಬೇರೆ ಕಡೆಯವರು ಕಾರ್ ಪೇಂಟ್ ಮಾರುವ ಅಂಗಡಿಯಲ್ಲಿ. ಕೋಟಿಂಗ್ ಕಿತ್ತು ಚಕ್ಕೆ ಏಳುತ್ತಿದ್ದರೆ ಮಾತ್ರ 600 ಬೇಕು.

ಇನ್ನು ಮಾಸ್ಕಿಂಗ್ ಟೇಪ್, ಸಣ್ಣ ಗೀರು ಉಜ್ಜಿ ತೆಗೆಯುವ ಪೇಸ್ಟ್ ಅಂದರೆ ರಬ್ಬಿಂಗ್ ಕಾಂಪೌಂಡ್, ಅದಕ್ಕಿಂತ ನುಣುಪಾದ ಪ್ಲಾಸ್ಟಿಕ್ ಪಾಲಿಶ್, ಕಾರ್ ಶಾಂಪೂ, ಎರಡು ಬಕೆಟ್, ಸ್ಪ್ರೇ ಬಾಟಲಿ, ಮೂರ್ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ತುಂಡು ಗಟ್ಟಿ ಸ್ಪಂಜು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಸಣ್ಣ ಬಾಟಲಿ. ಡ್ರಿಲ್ ಮೆಷಿನ್ ಇದ್ದರೆ ಅದಕ್ಕೆ ಹಾಕುವ ಫೋಮ್ ಪ್ಯಾಡ್. ಕೋಟಿಂಗ್ ಯಾವುದು ಅನ್ನುವುದನ್ನು ಮಾತ್ರ ಉಜ್ಜುವುದಕ್ಕೆ ಮುಂಚೆಯೇ ತೀರ್ಮಾನ ಮಾಡಿ ತಂದಿಟ್ಟುಕೊಳ್ಳಿ. ಎಲ್ಲಿಯವರೆಗೆ ಉಜ್ಜಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಉಜ್ಜುವ ಕೆಲಸ

ನೆರಳಿನಲ್ಲಿ ಗಾಡಿ ನಿಲ್ಲಿಸಿ. ಲೈಟ್ ಆರಿಸಿ, ಬಿಸಿ ಇದ್ದರೆ ತಣ್ಣಗಾಗಲು ಬಿಡಿ. ಶಾಂಪೂ ಹಾಕಿ ಹೆಡ್‌ಲೈಟ್ ಮಾತ್ರವಲ್ಲ, ಸುತ್ತಲಿನ ಬಂಪರ್, ಬಾನೆಟ್ ಅಂಚನ್ನೂ ತೊಳೆಯಿರಿ. ಅಲ್ಲಿಂದ ಒಂದು ಮರಳಿನ ಕಣ ಪೇಪರಿನಡಿ ಬಂದರೂ ಉದ್ದಕ್ಕೆ ಗೀರು ಎಳೆಯುತ್ತದೆ.

ಬಾನೆಟ್ ಮೇಲೆತ್ತಿ ಹೆಡ್‌ಲೈಟ್ ಸುತ್ತ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿ. ಒಂದು ಪದರ ಸಾಲುವುದಿಲ್ಲ. 800ರ ಪೇಪರ್ ಅಂಚು ಎರಡು ಸಲ ತಾಗಿದರೆ ಸಾಕು, ಒಂದು ಪದರ ಹರಿದು ಪೇಂಟ್ ಹೋಗುತ್ತದೆ.

ಪೇಪರ್‌ಗಳನ್ನು ಹತ್ತು ಹದಿನೈದು ನಿಮಿಷ ನೀರಿನಲ್ಲಿ ನೆನೆಸಿ, ಆ ನೀರಿಗೆ ಎರಡು ಹನಿ ಶಾಂಪೂ ಬಿಡಿ. ಈಗ 800ರ ತುಂಡನ್ನು ಸ್ಪಂಜಿಗೆ ಸುತ್ತಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಉಜ್ಜಿ. ಗುಂಡಗೆ ಉಜ್ಜಬೇಡಿ. ಬೆರಳ ತುದಿಯಲ್ಲಿ ಒತ್ತಬೇಡಿ, ಬೆರಳಿನ ಗುರುತಿಗೆ ಸರಿಯಾಗಿ ತಗ್ಗು ಬೀಳುತ್ತದೆ. ಅಂಗೈ ಅಗಲಕ್ಕೆ ಒತ್ತಡ ಇರಲಿ. ಇನ್ನೊಂದು ಕೈಯಲ್ಲಿ ಸ್ಪ್ರೇ ಬಾಟಲಿ ಹಿಡಿದು ನೀರು ಹೊಡೆಯುತ್ತಲೇ ಇರಿ.

ಈಗ ಇಳಿಯುವ ನೀರನ್ನು ನೋಡಿ. ಮೊದಲಿಗೆ ಅರಿಶಿನ ಕದಡಿದ ಮಜ್ಜಿಗೆಯ ಹಾಗೆ ಹಳದಿ ನೀರು ಬರುತ್ತದೆ. ಅದು ಹಾಳಾದ ಕೋಟಿಂಗ್ ಮತ್ತು ಸುಟ್ಟ ಪ್ಲಾಸ್ಟಿಕ್. ಉಜ್ಜುತ್ತಾ ಹೋದ ಹಾಗೆ ಹಳದಿ ಕಡಿಮೆಯಾಗಿ ಬರೀ ಬಿಳಿ ನೀರು ಇಳಿಯಲು ಶುರುವಾಗುತ್ತದೆ. ಕೈಗೂ ವ್ಯತ್ಯಾಸ ಗೊತ್ತಾಗುತ್ತದೆ. ಕೋಟಿಂಗ್ ಇರುವ ಜಾಗದಲ್ಲಿ ಪೇಪರ್ ಜಾರುತ್ತದೆ, ಅಲ್ಲಲ್ಲಿ ತಡೆಯುತ್ತದೆ. ಅದು ಹೋದ ಕಡೆ ಒಂದೇ ಸಮನಾಗಿ ಓಡುತ್ತದೆ.

ನೀರು ಬಿಳಿಯಾದ ತಕ್ಷಣ ಮುಂದಿನ ಪೇಪರ್ ಎತ್ತಿಕೊಳ್ಳಬೇಡಿ. ಒರೆಸಿ, ಪೂರ್ತಿ ಒಣಗಿಸಿ, ಓರೆಯಾಗಿ ಬಾಗಿ ನೋಡಿ. ಮೇಲ್ಮೈ ಎಲ್ಲ ಕಡೆ ಒಂದೇ ಥರ ಬೆಳ್ಳಗೆ, ಹೊಳಪಿಲ್ಲದೆ ಇರಬೇಕು. ನಕ್ಷೆಯಲ್ಲಿನ ಗಡಿ ರೇಖೆ ಥರ ಅಂಚು ಕಂಡರೆ, ನಡುವೆ ಹೊಳೆಯುವ ತೇಪೆ ಉಳಿದಿದ್ದರೆ, ಅಲ್ಲಿ ಹಳೇ ಕೋಟಿಂಗ್ ಇನ್ನೂ ಇದೆ. ಅದನ್ನು ಬಿಟ್ಟು ಮುಂದೆ ಹೋದರೆ ಪಾಲಿಶ್ ಆದ ಮೇಲೆ ಅದೇ ಗಡಿ ಎದ್ದು ಕಾಣುತ್ತದೆ. ಮೂಲೆಗಳಲ್ಲಿ, ಬಾನೆಟ್ ಅಂಚಿನ ಹತ್ತಿರ ಇದು ಉಳಿಯುವುದು ಜಾಸ್ತಿ. ಒಟ್ಟು ಸಮಯದ ಅರ್ಧ ಈ ಮೊದಲ ಪೇಪರಿಗೇ ಹೋಗಲಿ. ಇಲ್ಲಿ ಆತುರ ಮಾಡಿದ್ದನ್ನು ಮುಂದಿನ ಯಾವ ಪೇಪರೂ ಸರಿಮಾಡುವುದಿಲ್ಲ.

ಆಮೇಲೆ 1000. ಈಗ ದಿಕ್ಕು ಬದಲಿಸಿ, ಮೇಲಿನಿಂದ ಕೆಳಕ್ಕೆ ಉಜ್ಜಿ. ಹಿಂದಿನ ಅಡ್ಡ ಗೀರು ಒಂದೂ ಕಾಣದಿದ್ದಾಗ ಈ ಹಂತ ಮುಗಿಯಿತು ಅಂತ ಲೆಕ್ಕ. 1500 ಮತ್ತೆ ಅಡ್ಡ, 2000 ಉದ್ದ, 3000 ಅಡ್ಡ. ಪ್ರತಿ ಸಲ ಪೇಪರ್ ಬದಲಿಸುವಾಗ ಹೆಡ್‌ಲೈಟ್, ಸ್ಪಂಜು, ಕೈ ಮೂರನ್ನೂ ತೊಳೆದು ಬಕೆಟ್ ನೀರನ್ನೂ ಚೆಲ್ಲಿ ಹೊಸದು ತುಂಬಿಸಿ. 3000 ಮುಗಿದಾಗ ಮಸುಕು ಮಸುಕಾಗಿ ಒಳಗಿನ ಬಲ್ಬ್ ಕಾಣಬೇಕು.

ಪಾಲಿಶ್

ರಬ್ಬಿಂಗ್ ಕಾಂಪೌಂಡ್ ಒಂದಿಷ್ಟೇ ಬಟ್ಟೆಗೆ ಹಾಕಿ, ಅಂಗೈ ಅಗಲದ ಜಾಗವನ್ನು ಒಂದೊಂದಾಗಿ ತೆಗೆದುಕೊಂಡು ಉಜ್ಜಿ. ಕೈಯಲ್ಲಿ ಮಾಡಿದರೂ ಆಗುತ್ತದೆ, ತೋಳು ನೋಯುತ್ತದೆ ಅಷ್ಟೇ. ನಂತರ ಪ್ಲಾಸ್ಟಿಕ್ ಪಾಲಿಶ್.

ಡ್ರಿಲ್‌ಗೆ ಫೋಮ್ ಪ್ಯಾಡ್ ಹಾಕಿದರೆ ವೇಗ ಕಡಿಮೆ ಇರಲಿ, ಪ್ಯಾಡ್ ಒಂದೇ ಕಡೆ ನಿಲ್ಲಬಾರದು. ಪಾಲಿಕಾರ್ಬೊನೇಟ್ ಸುಮಾರು 147 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ, ಹಿಂದಿನ ಲೈಟ್‌ಗಳಲ್ಲಿ ಬರುವ ಅಕ್ರಿಲಿಕ್ ಪ್ಲಾಸ್ಟಿಕ್ ಸುಮಾರು 105ಕ್ಕೇ. ಒಣ ಪ್ಯಾಡ್ ತಿರುಗುತ್ತಾ ನಿಂತರೆ ಕ್ಷಣಾರ್ಧದಲ್ಲಿ ಸುಟ್ಟ ಕಲೆ ಬೀಳುತ್ತದೆ. ಆಗಾಗ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಬಿಸಿ ತಾಗಿದರೆ ನಿಲ್ಲಿಸಿ.

ಕೋಟಿಂಗ್: ಇಲ್ಲಿ ಜಿಪುಣತನ ಬೇಡ

ಪಾಲಿಶ್ ಆದ ಮೇಲೆ ಹೆಡ್‌ಲೈಟ್ ಮಿರಿಮಿರಿ ಮಿಂಚುತ್ತಿರುತ್ತದೆ. ಎಷ್ಟೋ ಜನ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಎಷ್ಟೋ ಗ್ಯಾರೇಜ್‌ಗಳಲ್ಲೂ ಇಲ್ಲಿಗೇ ಬಿಲ್ ಹಾಕಿಬಿಡುತ್ತಾರೆ. ಬೇರೆಯವರ ಹತ್ತಿರ ಮಾಡಿಸುವುದಾದರೆ ಕೇಳಬೇಕಾದ ಮೊದಲ ಪ್ರಶ್ನೆ: "ಮೇಲೆ ಯುವಿ ಕೋಟಿಂಗ್ ಏನು ಹಾಕ್ತೀರಾ?"

ಎಲ್ಲಕ್ಕಿಂತ ಸುಲಭ ಕಾರ್ ವ್ಯಾಕ್ಸ್. ಅದು ಒಂದೆರಡು ತಿಂಗಳಲ್ಲಿ ತೊಳೆದುಹೋಗುತ್ತದೆ, ತಪ್ಪದೆ ಮತ್ತೆ ಮತ್ತೆ ಹಚ್ಚುವ ಅಭ್ಯಾಸ ಇದ್ದವರಿಗೆ ಮಾತ್ರ. ಅದಕ್ಕಿಂತ ಮೇಲು, ಹೆಡ್‌ಲೈಟ್‌ಗೆಂದೇ ಬರುವ ಸಿರಾಮಿಕ್ ಕೋಟಿಂಗ್. ಪಾಲಿಶ್ ಮಾಡಿದ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಎಣ್ಣೆ ಪಸೆ ತೆಗೆದು, ಬಟ್ಟೆಯಲ್ಲಿ ತೆಳ್ಳಗೆ ಸವರುವುದು. ಒಂದು ದಿನ ನೀರು ತಾಗಬಾರದು. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ. ವರ್ಷಕ್ಕೊಮ್ಮೆ ಮತ್ತೆ ಸವರಿದರೆ ಪುನಃ ಉಜ್ಜುವ ಪ್ರಮೇಯ ಬರುವುದಿಲ್ಲ.

ಹೆಚ್ಚು ವರ್ಷ ಬಾಳುವುದು 2ಕೆ ಕ್ಲಿಯರ್ ಕೋಟ್. ಗಟ್ಟಿಯಾಗಿಸುವ ರಾಸಾಯನಿಕ ಬೇರೆಯೇ ಇದ್ದು, ಹೊಡೆಯುವ ಮುಂಚೆ ಬೆರೆಸುವ ಪಾರದರ್ಶಕ ಪೇಂಟ್ ಇದು. ಸ್ಪ್ರೇ ಡಬ್ಬಿಯಲ್ಲೂ ಬರುತ್ತದೆ, ಬುಡದ ಪಿನ್ ಒತ್ತಿದರೆ ಒಳಗೇ ಬೆರೆಯುತ್ತದೆ. ಒತ್ತಿದ ಮೇಲೆ ಒಂದೆರಡು ದಿನದೊಳಗೆ ಬಳಸಿ ಮುಗಿಸಬೇಕು. ಇದನ್ನು ಹಾಕುವವರು 3000ದವರೆಗೆ ಉಜ್ಜುವುದೇ ಬೇಡ, 1000ಕ್ಕೆ ನಿಲ್ಲಿಸಿ. ನುಣುಪಾದ ಮೈಗೆ ಕ್ಲಿಯರ್ ಕಚ್ಚಿಕೊಳ್ಳುವುದಿಲ್ಲ. 1000ದ ಗೀರುಗಳನ್ನು ಅದು ತಾನೇ ತುಂಬಿ ತಿಳಿಯಾಗಿಸುತ್ತದೆ. ಹೇಗೆ ಕಾಣುತ್ತದೆ ಅನ್ನುವ ಅನುಮಾನ ಇದ್ದರೆ ಮತ್ತೆ ನೀರು ಹೊಡೆದು ನೋಡಿ. ಒದ್ದೆಯಾಗಿದ್ದಾಗ ಹೇಗೆ ಕಾಣುತ್ತದೋ ಕ್ಲಿಯರ್ ಹೊಡೆದ ಮೇಲೂ ಹಾಗೇ ಕಾಣುತ್ತದೆ.

ಬಂಪರ್, ಬಾನೆಟ್ ಎಲ್ಲವನ್ನೂ ಪೇಪರ್ ಹಾಕಿ ಮುಚ್ಚಿ. 20–25 ಸೆಂ.ಮೀ. ದೂರದಿಂದ ಮೊದಲ ಕೋಟ್ ಬರೀ ಮಂಜಿನಷ್ಟು ಬೀಳಲಿ. ಒಮ್ಮೆಗೇ ದಪ್ಪ ಹೊಡೆದರೆ ಅದರಲ್ಲಿನ ಥಿನ್ನರ್ ಪ್ಲಾಸ್ಟಿಕ್ಕನ್ನು ಕಚ್ಚಿ ಬಿರುಕು ಬರಿಸುತ್ತದೆ, ಕೆಳಗೆ ಇಳಿದು ಗೆರೆಯೂ ಕಟ್ಟುತ್ತದೆ. ಹತ್ತು ನಿಮಿಷ ಬಿಟ್ಟು ಎರಡನೆಯದು, ಇನ್ನೊಂದು ಹತ್ತು ನಿಮಿಷಕ್ಕೆ ಮೂರನೆಯದು. ಒಂದು ದಿನ ಮುಟ್ಟಬೇಡಿ. ಮಳೆಗಾಲದ ತೇವದಲ್ಲಿ ಇದು ಬೆಳ್ಳಗೆ ಮಬ್ಬಾಗುತ್ತದೆ. ನಮ್ಮಲ್ಲಿ ನವೆಂಬರ್‌ನಿಂದ ಫೆಬ್ರವರಿ ಇದಕ್ಕೆ ಒಳ್ಳೆಯ ಕಾಲ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2ಕೆಯಲ್ಲಿ ಐಸೊಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಬಾಳಿಡೀ ಬಿಡದ ಅಸ್ತಮಾ ಬರಬಹುದು. ಬಟ್ಟೆಯ ಮಾಸ್ಕ್, ಆಸ್ಪತ್ರೆ ಮಾಸ್ಕ್ ಇದನ್ನು ತಡೆಯುವುದಿಲ್ಲ. ಪೇಂಟರ್‌ಗಳು ಹಾಕುವ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್, ಕನ್ನಡಕ, ಕೈಗವಸು ಬೇಕೇ ಬೇಕು. ಅವು ಇಲ್ಲದಿದ್ದರೆ ಈ ಕೆಲಸವನ್ನು ಒಳ್ಳೆಯ ಪೇಂಟರ್‌ಗೆ ಬಿಡಿ.

ಇನ್ನೊಂದು ದಾರಿ ಪಿಪಿಎಫ್, ಅಂದರೆ ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್. ಕಲ್ಲೇಟನ್ನೂ ತಡೆಯುತ್ತದೆ, ಹಾಳಾದರೆ ಕಿತ್ತು ಹೊಸದು ಹಾಕಬಹುದು. ಎಲ್‌ಇಡಿ ಹೆಡ್‌ಲೈಟ್ ಇರುವ ಹೊಸ ಕಾರಿನವರು ಮಂಕಾಗುವ ಮುಂಚೆಯೇ ಇದನ್ನು ಹಾಕಿಸುವುದು ಜಾಣತನ. ಆ ಲೈಟ್‌ನ ಸೆಟ್ ಬದಲಿಸುವ ಖರ್ಚು ಕೇಳಿದರೆ ಫಿಲ್ಮ್ ಅಗ್ಗ ಅನಿಸುತ್ತದೆ.

ಪೇಸ್ಟ್, ಸೊಳ್ಳೆ ಸ್ಪ್ರೇ, ಬಿಸಿ ಹೊಗೆ

ಟೂತ್‌ಪೇಸ್ಟ್‌ನಲ್ಲಿ ಸಣ್ಣಗೆ ಉಜ್ಜುವ ಪುಡಿ ಇರುತ್ತದೆ. ತೆಳು ಮಬ್ಬು ಹೋಗಬಹುದು, ಹಳದಿ ಹೋಗುವುದಿಲ್ಲ. ಹಾನಿಯೇನೂ ಇಲ್ಲ, ಸುಮ್ನೆ ಶ್ರಮ.

ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಒರೆಸುವ ವಿಡಿಯೊಗಳು ಬಹಳ ಓಡಾಡುತ್ತವೆ. ಹೊಡೆದ ಕೂಡಲೇ ಹೊಳಪು ಬರುವುದು ನಿಜ. ಅಂಥ ಸ್ಪ್ರೇಗಳಲ್ಲಿರುವ ಡೀಟ್ ಅನ್ನುವ ರಾಸಾಯನಿಕ ಪ್ಲಾಸ್ಟಿಕ್‌ನ ಮೇಲ್ಪದರವನ್ನು ಕರಗಿಸುತ್ತದೆ, ಹೊಳಪು ಬರುವುದು ಅದರಿಂದ. ಕೆಲವು ವಾರದಲ್ಲಿ ಮೊದಲಿಗಿಂತ ಕೆಟ್ಟ ಮಬ್ಬು ಬರುತ್ತದೆ. ಪೆಟ್ರೋಲ್, ಥಿನ್ನರ್, ಅಸಿಟೋನ್ ಕೂಡ ಇದೇ ಜಾತಿ. ಇವು ಪಾಲಿಕಾರ್ಬೊನೇಟ್ ಒಳಗೇ ಜೇಡರ ಬಲೆಯಂತೆ ಬಿರುಕು ಬಿಡಿಸುತ್ತವೆ. ಆ ಬಿರುಕಿಗೆ ಮದ್ದಿಲ್ಲ, ಲೈಟ್ ಬದಲಿಸುವುದೊಂದೇ.

ಮೂತಿ ಇರುವ ಲೋಟದಲ್ಲಿ ದ್ರವ ಕಾಯಿಸಿ ಅದರ ಹೊಗೆಯನ್ನು ಹೆಡ್‌ಲೈಟ್ ಮೇಲೆ ಬಿಡುವ ವಿಧಾನ ಈಗ ರಸ್ತೆ ಬದಿಯಲ್ಲೂ ಕಾಣುತ್ತದೆ. ನೋಡುವುದಕ್ಕೆ ಜಾದೂ. ಆ ದ್ರವ ಸಾಮಾನ್ಯವಾಗಿ ಡೈಕ್ಲೋರೋಮೀಥೇನ್ ಅಥವಾ ಕ್ಲೋರೋಫಾರ್ಮ್. ಹೊಗೆ ಪ್ಲಾಸ್ಟಿಕ್ಕನ್ನು ಕರಗಿಸಿ ಗೀರು ಮುಚ್ಚುತ್ತದೆ, ಆದರೆ ಯುವಿ ರಕ್ಷಣೆ ಸೊನ್ನೆ. ಉಸಿರಿಗೆ ಹೋದರೆ ವಿಷ, ಬೆಂಕಿಗೋ ಕೆಂಪಗೆ ಕಾದ ಲೋಹಕ್ಕೋ ತಾಗಿದರೆ ಫಾಸ್ಜೀನ್ ಎಂಬ ಇನ್ನೂ ಭಯಂಕರ ಅನಿಲ ಹುಟ್ಟಬಹುದು. ಮನೆಯಲ್ಲಿ ಇದನ್ನು ಮಾಡಲೇಬೇಡಿ.

ಮೀಟರ್, ವೈಸರ್, ಹಿಂದಿನ ಲೈಟ್

ಬೈಕ್, ಸ್ಕೂಟರ್‌ಗಳ ಮೀಟರ್ ಮೇಲಿನದನ್ನು ಗ್ಲಾಸ್ ಅಂತ ಕರೆದರೂ ಅದೂ ಪ್ಲಾಸ್ಟಿಕ್ಕೇ. ಅದರ ಗೀರುಗಳಲ್ಲಿ ಹೆಚ್ಚಿನವು ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸಿ ಆದವು. ಉಗುರು ಅಡ್ಡ ಎಳೆದು ನೋಡಿ. ತಡೆಯದಿದ್ದರೆ ಬರೀ ಪ್ಲಾಸ್ಟಿಕ್ ಪಾಲಿಶ್‌ನಲ್ಲಿ ಹೋಗುತ್ತದೆ. ಸ್ವಲ್ಪ ತಡೆದರೆ 2000, 3000, ಆಮೇಲೆ ಪಾಲಿಶ್. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ 1000ದಿಂದ ಶುರು ಮಾಡಬೇಕು, ಗೀರಿನ ಮೇಲಷ್ಟೇ ಅಲ್ಲ, ಸುತ್ತಲೂ ಅಗಲವಾಗಿ. ಇಲ್ಲದಿದ್ದರೆ ಗುಳಿ ಬಿದ್ದು ಅಂಕಿಗಳು ಸೊಟ್ಟಗೆ ಕಾಣುತ್ತವೆ. ಡಿಜಿಟಲ್ ಮೀಟರ್ ಮಿಂಚದೆ ಮ್ಯಾಟ್ ಆಗಿದ್ದರೆ, ಟಚ್ ಸ್ಕ್ರೀನ್ ಆಗಿದ್ದರೆ, ಪೇಪರ್ ಮುಟ್ಟಿಸಬೇಡಿ. ಪ್ರತಿಫಲನ ತಡೆಯುವ ಅದರ ಪದರ ಹೋಗಿ ಹೊಳೆಯುವ ಕಲೆ ಉಳಿಯುತ್ತದೆ.

ಹಿಂದಿನ ಕೆಂಪು ಲೈಟ್ ಬಹುಮಟ್ಟಿಗೆ ಅಕ್ರಿಲಿಕ್. ಬಣ್ಣ ಪ್ಲಾಸ್ಟಿಕ್‌ನಲ್ಲೇ ಬೆರೆತಿರುವುದರಿಂದ ಉಜ್ಜಿದರೆ ಬಣ್ಣ ಹೋಗುವುದಿಲ್ಲ. ಬೇಗ ಬಿಸಿಯಾಗುತ್ತದೆ, ಹಾಗಾಗಿ ಕೈಯಲ್ಲೇ ಪಾಲಿಶ್ ಮಾಡಿ.

ಹೆಲ್ಮೆಟ್ ವೈಸರ್‌ಗೆ ಈ ಯಾವುದನ್ನೂ ಮಾಡಬೇಡಿ. ಉಜ್ಜಿದರೆ ಗೀರು ತಡೆಯುವ ಪದರ ಹೋಗುತ್ತದೆ, ದಪ್ಪ ಏರುಪೇರಾಗಿ ರಾತ್ರಿ ಎದುರಿನ ಲೈಟ್ ನಕ್ಷತ್ರದ ಹಾಗೆ ಒಡೆದು ಕಾಣುತ್ತದೆ. ಗೀರು ಬಿದ್ದ ವೈಸರ್ ಬದಲಿಸುವುದೇ ಸರಿ. ಜೀಪಿನ ಟಾಪ್‌ನಲ್ಲಿ, ಆಟೋದ ಪಕ್ಕದ ಪರದೆಯಲ್ಲಿ ಇರುವ ಮೆತ್ತನೆಯ ಹಾಳೆಯೂ ಉಜ್ಜುವಂಥದ್ದಲ್ಲ. ಹಳದಿಯಾದರೆ ಸೀಟ್ ಕವರ್ ಹೊಲಿಯುವವರ ಹತ್ತಿರ ಹೊಸದು ಹಾಕಿಸಿ.

ಮುಗಿದ ಮೇಲೆ

ಒಣ ಬಟ್ಟೆಯಲ್ಲಿ ಒರೆಸುವುದನ್ನು ಬಿಡಿ, ಮೊದಲು ನೀರು ಬಿಟ್ಟು ಧೂಳು ಇಳಿಸಿ. ಪಾತ್ರೆ ಸೋಪು, ಸೀಮೆಎಣ್ಣೆ, ಡೀಸೆಲ್ ಬೇಡ. ಡಾಂಬರು ಸಿಡಿದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಒರೆಸಿ, ಶಾಂಪೂವಿನಲ್ಲಿ ತೊಳೆಯಿರಿ. ಬಯಲಲ್ಲಿ ನಿಲ್ಲಿಸುವ ಗಾಡಿಯಾದರೆ ಮುಖ ಗೋಡೆಯ ಕಡೆಗೋ ಮರದ ಕಡೆಗೋ ಇರಲಿ.

ಬೀಮ್ ಒಮ್ಮೆ ನೋಡಿಕೊಳ್ಳಿ. ಮಬ್ಬಿದ್ದಾಗ ರಸ್ತೆ ಕಾಣಲೆಂದು ಬೀಮನ್ನು ಮೇಲಕ್ಕೆ ಎತ್ತಿಸಿಕೊಂಡವರು ಬಹಳ. ಈಗ ಲೈಟ್ ತಿಳಿಯಾದ ಮೇಲೆ ಅದು ನೇರ ಎದುರಿನವರ ಕಣ್ಣಿಗೆ ಹೋಗುತ್ತದೆ. 15 ವರ್ಷ ತುಂಬಿ ಆರ್‌ಸಿ ನವೀಕರಿಸಬೇಕಾದ ಕಾರಿನವರು ತಪಾಸಣೆಗೆ ಹೋಗುವ ಮುಂಚೆ ಇದನ್ನು ಮಾಡಿಬಿಡಿ. ಸಮತಟ್ಟಾದ ಜಾಗದಲ್ಲಿ ಗೋಡೆಗೆ ಮುಖ ಮಾಡಿ 5 ಮೀಟರ್ ದೂರ ಗಾಡಿ ನಿಲ್ಲಿಸಿ, ಟೈರ್ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಹೆಡ್‌ಲೈಟ್ ಮಧ್ಯಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಉಳಿದ ಮಾಸ್ಕಿಂಗ್ ಟೇಪ್ ಅಂಟಿಸಿ. ಡಿಪ್ ಹಾಕಿದಾಗ ಬೆಳಕಿನ ಮೇಲಂಚು ಆ ಟೇಪಿಗಿಂತ ಸುಮಾರು 5–6 ಸೆಂ.ಮೀ. ಕೆಳಗೆ ಇರಬೇಕು, ಎಡಭಾಗದಲ್ಲಿ ಮಾತ್ರ ಸ್ವಲ್ಪ ಮೇಲಕ್ಕೆ ಏರಬೇಕು. ಹೊಂದಿಸುವ ಸ್ಕ್ರೂ ಹೆಡ್‌ಲೈಟ್‌ನ ಹಿಂಬದಿಯಲ್ಲಿರುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಗೋಡೆ ನೋಡಿ. ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಏರಿಸಿ ಇಳಿಸುವ ಚಕ್ರ ಇದ್ದರೆ ಅದನ್ನು ಮೊದಲೇ ಸೊನ್ನೆಗೆ ತಂದಿಟ್ಟಿರಿ.